ಪೇಜು ಹ್ಯಾಂಗ್ ಆದರೆ ನೆಟ್ ಮೇಲೆ ಗೂಬೆ ಕೂರಿಸಬೇಡಿ

ಗುಂಡಿ ಒತ್ತುತ್ತೀರಿ, ಪೇಜು ಮಿಸುಕುವುದಿಲ್ಲ. ಇನ್ನೊಮ್ಮೆ ಒತ್ತಿದರೂ ಇಲ್ಲ, ಅಕ್ಷರ ಟೈಪ್ ಮಾಡಿದರೂ ಮೂಡುವುದಿಲ್ಲ. ತಕ್ಷಣ ಬಾಯಿಗೆ ಬರುವ ಮಾತು "ನೆಟ್ ಸ್ಲೋ", ಇಲ್ಲವೇ "ಫೋನ್ ಹಳೇದಾಯ್ತು". ನೆಟ್ ನಿಧಾನವಾದರೆ ಮಾಹಿತಿ ತಡವಾಗಿ ಬರುತ್ತದೆ, ಅಷ್ಟೇ. ಆಗಲೂ ಗುಂಡಿ ಒತ್ತಿದ್ದು ಗೊತ್ತಾಗಬೇಕು, ಟೈಪ್ ಮಾಡಿದ್ದು ಕಾಣಬೇಕು. ಪೇಜೇ ಮರಗಟ್ಟಿದೆ ಎಂದರೆ ಸಾಮಾನ್ಯವಾಗಿ ಅದರೊಳಗಿನ ಜಾವಾಸ್ಕ್ರಿಪ್ಟ್ (ಪೇಜಿನಿಂದ ಕೆಲಸ ಮಾಡಿಸುವ ಕೋಡ್‌ನ ಭಾಷೆ) ಯಾವುದೋ ಕೆಲಸವನ್ನು ಹಿಡಿದು ಬಿಡದೆ ಕೂತಿದೆ ಎಂದರ್ಥ. ಹಳೇ ಫೋನಿನಲ್ಲಿ ಅದು ಹೆಚ್ಚು ಹೊತ್ತು ಕೂರುತ್ತದೆ, ನಿಜ. ಆದರೆ ಕೂರಿಸಿದವರು ಕೋಡ್ ಬರೆದವರು.

ಯಾಕೆ ಹೀಗಾಗುತ್ತದೆ ಎಂಬುದು ಅರ್ಥವಾದರೆ ಜಾವಾಸ್ಕ್ರಿಪ್ಟ್‌ನ ಮುಕ್ಕಾಲು ಪಾಲು ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಕಲಿಸುವವರು ಇದನ್ನು ಹಾರಿಸಿ, ಮೊದಲ ವಾರಕ್ಕೇ ಅದರ ಮೇಲೆ ಕಟ್ಟಿದ ರಿಯಾಕ್ಟ್ ಎಂಬ ಸಿದ್ಧ ಸಲಕರಣೆ ಹಿಡಿಸುತ್ತಾರೆ. ಕೋಲಾರದಿಂದಲೋ ತುಮಕೂರಿನಿಂದಲೋ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಫೀಸು ಕಟ್ಟಿ ಕಲಿತ ಹುಡುಗರಿಗೂ, ಪೇಜು ಯಾಕೆ ನಿಂತಿತು ಎಂದರೆ ಉತ್ತರ ಇರುವುದಿಲ್ಲ. ಮೊದಲ ಹಂತಕ್ಕೆ ಬೇಕಿರುವುದು ಒಂದು ಬ್ರೌಸರ್ ಮತ್ತು ನೋಟ್‌ಪ್ಯಾಡ್. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿದರೆ ತೆರೆದುಕೊಳ್ಳುವ, ಕೋಡ್ ಬರೆದು ನೋಡಬಹುದಾದ, ದೋಷಗಳು ಕಾಣುವ ಕನ್ಸೋಲ್‌ಗಿಂತ ಒಳ್ಳೆಯ ಮೇಷ್ಟ್ರು ಬೇರೆ ಇಲ್ಲ.

ಕೋಲಾರದ ಎಪಿಎಂಸಿಯನ್ನೇ ತೆಗೆದುಕೊಳ್ಳೋಣ. ಟೊಮೇಟೊ ಅಲ್ಲಿ ಹದಿನೈದು ಕೆಜಿ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಎರಡು ಲಾಟಿನ ಬಾಕ್ಸುಗಳ ಸಂಖ್ಯೆ ಮತ್ತು ಬಾಕ್ಸಿನ ದರ ಕೊಟ್ಟರೆ ಒಟ್ಟು ಹಣ ತೋರಿಸುವ ಪುಟ್ಟ ಪೇಜು ಮಾಡಬೇಕು. ಮೂರು ಖಾನೆ, ಒಂದು ಗುಂಡಿ, ಉತ್ತರಕ್ಕೊಂದು ಜಾಗ. ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಮೇಲ್ಭಾಗದಲ್ಲಿ ಮೆಟಾ ಚಾರ್‌ಸೆಟ್ ಅದೇ ಎಂದು ಬರೆಯಿರಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಮೊದಲ ಪೆಟ್ಟು ಬೀಳುವುದು ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್ ಕೋಡ್) ಎಲ್ಲಿ ಬರೆದಿರಿ ಎಂಬಲ್ಲಿ. ಬ್ರೌಸರ್ ಫೈಲನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಸ್ಕ್ರಿಪ್ಟ್ ಮೇಲೆ ಇದ್ದು ಗುಂಡಿ ಕೆಳಗಿದ್ದರೆ, ಹುಡುಕುವ ಹೊತ್ತಿಗೆ ಗುಂಡಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಸಿಗುವುದು ನಲ್, ಅಂದರೆ ಏನೂ ಇಲ್ಲ; ಕನ್ಸೋಲ್‌ನಲ್ಲಿ "ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್" ಎಂಬ ಕೆಂಪು ಸಾಲು. ಸ್ಕ್ರಿಪ್ಟನ್ನು ಬೇರೆ ಫೈಲಿನಲ್ಲಿಟ್ಟು ಟ್ಯಾಗಿಗೆ ಡಿಫರ್ (ಪೇಜು ಓದಿ ಮುಗಿದ ಮೇಲೆ ಓಡು ಎಂಬ ಸೂಚನೆ) ಎಂದು ಸೇರಿಸಿದರೆ ಮುಗಿಯಿತು. ಎರಡನೆಯದು ಆವರಣ ಚಿಹ್ನೆಯದು. ಗುಂಡಿ ಒತ್ತಿದಾಗ ಏನು ಮಾಡಬೇಕೆಂದು ತಿಳಿಸುವ ಆಡ್‌ಇವೆಂಟ್‌ಲಿಸನರ್‌ಗೆ ಫಂಕ್ಷನ್ನಿನ (ಒಂದು ಕೆಲಸ ಮಾಡುವ ಕೋಡ್ ತುಣುಕಿನ) ಹೆಸರನ್ನಷ್ಟೇ ಕೊಡಬೇಕು. ಹೆಸರಿನ ಮುಂದೆ ಆವರಣ ಹಾಕಿದಿರೋ, ಫಂಕ್ಷನ್ ಆಗಲೇ, ಯಾರೂ ಗುಂಡಿ ಒತ್ತುವ ಮೊದಲೇ ಓಡಿ ಮುಗಿಯುತ್ತದೆ. ಆಮೇಲೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.

ಮೂರನೆಯದು ನಿಜಕ್ಕೂ ಅಪಾಯದ್ದು, ಏಕೆಂದರೆ ಕೆಂಪು ಸಾಲೇ ಬರುವುದಿಲ್ಲ. ಖಾನೆಯ ವ್ಯಾಲ್ಯೂ ಯಾವತ್ತೂ ಪಠ್ಯವೇ ಹೊರತು ಸಂಖ್ಯೆಯಲ್ಲ, ಖಾನೆಯ ಬಗೆ ನಂಬರ್ ಎಂದಿದ್ದರೂ ಅಷ್ಟೇ. ಒಂದು ಲಾಟಿನಲ್ಲಿ 80 ಬಾಕ್ಸು, ಇನ್ನೊಂದರಲ್ಲಿ 45. ಕೂಡು ಚಿಹ್ನೆ ಪಠ್ಯಗಳನ್ನು ಅಂಟಿಸುವುದರಿಂದ ಬರುವುದು 125 ಅಲ್ಲ, 8045. ಗುಣಿಸು ಚಿಹ್ನೆ ಮಾತ್ರ ಪಠ್ಯವನ್ನು ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ. ಹೀಗಾಗಿ ಬಾಕ್ಸಿಗೆ 450 ರೂಪಾಯಿಯಂತೆ 56,250 ಬರಬೇಕಾದ ಕಡೆ 36,20,250 ಎಂದು ಪೇಜು ಯಾವ ಅಳುಕೂ ಇಲ್ಲದೆ ತೋರಿಸುತ್ತದೆ. ಒಂದೇ ಲಾಟು ಹಾಕಿ ಪರೀಕ್ಷಿಸಿದವರಿಗೆ ತಪ್ಪು ಕಾಣಿಸುವುದೇ ಇಲ್ಲ. ಓದಿದ ಕೂಡಲೇ ನಂಬರ್ ಫಂಕ್ಷನ್ನಿಗೆ ಕೊಟ್ಟು ಸಂಖ್ಯೆ ಮಾಡಿಕೊಳ್ಳಿ. ಪಾರ್ಸ್‌ಇಂಟ್ ಬಳಸುವವರು ಹುಷಾರು: "1,200" ಎಂದು ಅಲ್ಪವಿರಾಮ ಹಾಕಿ ಬರೆದರೆ ಅದು 1 ಎಂದಷ್ಟೇ ಓದಿ ನಿಲ್ಲುತ್ತದೆ. ನಂಬರ್ ಆದರೆ ಸಂಖ್ಯೆಯಲ್ಲ ಎಂಬರ್ಥದ ನ್ಯಾನ್ ಕೊಡುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಪಠ್ಯದ ಖಾನೆಯಲ್ಲಿ ೧೨೫ ಎಂದು ಕನ್ನಡ ಅಂಕಿ ಬರೆದರೂ ನ್ಯಾನ್. ಅದಕ್ಕೂ ದಾರಿಯಿದೆ. ಯೂನಿಕೋಡ್‌ನಲ್ಲಿ ನಮ್ಮ ಸೊನ್ನೆಯ ಸ್ಥಾನ 3302, ಇಂಗ್ಲಿಷ್ ಸೊನ್ನೆಯದು 48. ಪ್ರತಿ ಕನ್ನಡ ಅಂಕಿಯಿಂದ 3254 ಕಳೆದರೆ ಇಂಗ್ಲಿಷ್ ಅಂಕಿ ಸಿಗುತ್ತದೆ.

ವೇರಿಯಬಲ್‌ಗಳಿಗೆ, ಅಂದರೆ ಕೋಡ್‌ನಲ್ಲಿ ಮೌಲ್ಯ ಹಿಡಿದಿಡುವ ಡಬ್ಬಿಗಳಿಗೆ, ಕನ್ನಡದಲ್ಲೇ ಹೆಸರಿಡಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ದರ, ಒಟ್ಟು ಎಂದು ಬರೆದರೆ ಬ್ರೌಸರ್ ತಕರಾರಿಲ್ಲದೆ ಒಪ್ಪುತ್ತದೆ. "ಬಾಕ್ಸ್" ಥರದ, ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಮಾತ್ರ ಬೇಡ. ಕೆಲವು ಕೀಲಿಮಣೆಗಳು ಕೊನೆಯಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವೊಂದನ್ನು ಸೇರಿಸುತ್ತವೆ. ನೋಡಲು ಒಂದೇ ಆದ ಎರಡು ಹೆಸರುಗಳು ಬೇರೆ ಬೇರೆಯಾಗಿ, "ನಾಟ್ ಡಿಫೈನ್ಡ್" ಎಂಬ ದೋಷಕ್ಕೆ ಕಾರಣ ಹುಡುಕುತ್ತಾ ರಾತ್ರಿ ಕಳೆಯಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಂಡಿಯಲ್ಲಿ ಪಟ್ಟಿ ಬರೆಯುವ ಗುಮಾಸ್ತ ಒಬ್ಬನೇ ಇದ್ದಾನೆ ಎಂದುಕೊಳ್ಳಿ. ಹಮಾಲಿಗಳು ಲೋಡ್ ಇಳಿಸುತ್ತಾರೆ, ಹರಾಜು ಕೂಗುವವರು ಕೂಗುತ್ತಾರೆ. ಅವರದ್ದು ಅವರ ಕೆಲಸ. ಮುಗಿದಾಗ ಒಂದು ಚೀಟಿ ತಂದು ಗುಮಾಸ್ತನ ಮೇಜಿನ ಮೇಲಿನ ಸಾಲಿಗೆ ಸೇರಿಸುತ್ತಾರೆ. ಅವನು ಒಂದು ಚೀಟಿ ಎತ್ತಿ, ಅದರ ಪಟ್ಟಿ ಪೂರ್ತಿ ಬರೆದು, ಆಮೇಲಷ್ಟೇ ಮುಂದಿನದಕ್ಕೆ ಕೈ ಹಾಕುತ್ತಾನೆ. ಅರ್ಧಕ್ಕೆ ಬಿಡುವುದು ಅವನಿಗೆ ಗೊತ್ತಿಲ್ಲ. ಪೇಜಿನ ಜಾವಾಸ್ಕ್ರಿಪ್ಟ್ ಈ ಗುಮಾಸ್ತ. ಸರ್ವರ್‌ನಿಂದ ಮಾಹಿತಿ ತರುವುದು, ಟೈಮರ್ ಎಣಿಸುವುದು, ಬೆರಳು ಎಲ್ಲಿ ತಾಗಿತು ಎಂದು ನೋಡುವುದು ಬ್ರೌಸರ್‌ನ ಕೆಲಸ. ಅದು ಚೀಟಿ ತಂದಿಡುತ್ತದೆ. ಚೀಟಿ ಎತ್ತು, ಮುಗಿಸು, ಮತ್ತೆ ಎತ್ತು ಎಂಬ ಈ ಸುತ್ತಿಗೆ ಇವೆಂಟ್ ಲೂಪ್ ಎಂದು ಹೆಸರು.

ಪರದೆಗೆ ಹೊಸ ಚಿತ್ರ ಬರೆಯುವುದಕ್ಕೂ ಇದೇ ಗುಮಾಸ್ತ ಕೈಲಿದ್ದ ಚೀಟಿ ಮುಗಿಸಬೇಕು. ಬಹುತೇಕ ಪರದೆಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತವೆ, ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಒಂದು ಚೀಟಿ ಮೂರು ಸೆಕೆಂಡು ಹಿಡಿದರೆ ನೂರ ಎಂಬತ್ತು ಚಿತ್ರಗಳ ಸರದಿ ತಪ್ಪುತ್ತದೆ. ಇದನ್ನೇ ನಾವು ಹ್ಯಾಂಗ್ ಅನ್ನುವುದು. ಸ್ಕ್ರೋಲ್ ಮಾತ್ರ ಆಗಲೂ ಕೆಲವೊಮ್ಮೆ ನಡೆಯುತ್ತದೆ, ಬ್ರೌಸರ್ ಅದನ್ನು ಬೇರೆ ಥ್ರೆಡ್‌ನಲ್ಲಿ, ಅಂದರೆ ಇನ್ನೊಬ್ಬ ಗುಮಾಸ್ತನ ಕೈಯಲ್ಲಿ, ನಡೆಸಬಲ್ಲದು.

ಕಲಿಯುವವರು ಬೆಪ್ಪಾಗುವುದು ಹೀಗೆ. ಹಳೇ ಪಟ್ಟಿಗಳ ಲಕ್ಷಾಂತರ ಸಾಲುಗಳನ್ನು ಕೂಡುವ ಮೊದಲು ಪೇಜಿನಲ್ಲಿ "ಲೆಕ್ಕ ನಡೆಯುತ್ತಿದೆ" ಎಂದು ಬರೆಸುತ್ತಾರೆ. ಅದು ಕಾಣುವುದೇ ಇಲ್ಲ. ಪೇಜು ನಿಂತು, ಕೊನೆಗೆ ನೇರವಾಗಿ ಉತ್ತರ ಬರುತ್ತದೆ. ಬರೆಸಿದ್ದು ಸುಳ್ಳಲ್ಲ, ಆದರೆ ಬರೆದದ್ದು ಪರದೆಗೆ ಹೋಗುವುದು ಚೀಟಿ ಮುಗಿದ ಮೇಲೆ. ಅಷ್ಟರಲ್ಲಿ ಆ ಮಾತನ್ನು ಅಳಿಸಿ ಉತ್ತರ ಬರೆದಾಗಿರುತ್ತದೆ. ಫಂಕ್ಷನ್ನಿಗೆ ಅಸಿಂಕ್ (ನಡುವೆ ಕಾಯಬಲ್ಲದು ಎಂಬ ಗುರುತು) ಎಂದು ಹಣೆಪಟ್ಟಿ ಹಚ್ಚಿದರೆ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಲ್ಲ, ಹಣೆಪಟ್ಟಿಯಿಂದ ಗುಮಾಸ್ತ ಇಬ್ಬರಾಗುವುದಿಲ್ಲ.

ಕನ್ಸೋಲ್‌ನಲ್ಲೇ ನೋಡಿ. ಮೊದಲು "ಒಂದು" ಎಂದು ಲಾಗ್ ಮಾಡಿ, ಅಂದರೆ ಕನ್ಸೋಲ್‌ನಲ್ಲಿ ಅಚ್ಚು ಹಾಕಿಸಿ. ನಂತರ ಇಷ್ಟು ಹೊತ್ತಿನ ಮೇಲೆ ಓಡಿಸು ಎನ್ನುವ ಸೆಟ್‌ಟೈಮ್‌ಔಟ್‌ಗೆ ಸೊನ್ನೆ ಮಿಲಿಸೆಕೆಂಡು ಕೊಟ್ಟು "ಎರಡು". ಆಮೇಲೆ ಆಗಲೇ ಈಡೇರಿದ ಒಂದು ಪ್ರಾಮಿಸ್‌ನ (ಮುಂದೆ ಬರುವ ಉತ್ತರದ ಭರವಸೆ) ದೆನ್‌ನಲ್ಲಿ (ಉತ್ತರ ಬಂದ ಮೇಲೆ ಮಾಡುವ ಕೆಲಸ) "ಮೂರು". ಕೊನೆಗೆ ನೇರವಾಗಿ "ನಾಲ್ಕು". ಅಚ್ಚಾಗುವುದು ಒಂದು, ನಾಲ್ಕು, ಮೂರು, ಎರಡು. ಕೈಲಿದ್ದ ಚೀಟಿ ಮೊದಲು ಮುಗಿಯುತ್ತದೆ. ಪ್ರಾಮಿಸ್‌ಗಳಿಗೆ ಮೈಕ್ರೊಟಾಸ್ಕ್ ಎಂಬ ಬೇರೆ ಸಾಲು, ಅದು ಪೂರ್ತಿ ಖಾಲಿಯಾಗುವವರೆಗೆ ಟೈಮರ್‌ಗೂ ಸರದಿಯಿಲ್ಲ, ಪರದೆಗೂ ಇಲ್ಲ. ಆದ್ದರಿಂದಲೇ ಭಾರದ ಲೆಕ್ಕದ ನಡುವೆ ಬರೀ ಪ್ರಾಮಿಸ್‌ಗಳನ್ನು ತುರುಕಿದರೆ ಪೇಜು ಉಸಿರಾಡುವುದಿಲ್ಲ. ಐನೂರೈನೂರು ಸಾಲು ಕೂಡಿ, ಉಳಿದದ್ದನ್ನು ಸೆಟ್‌ಟೈಮ್‌ಔಟ್ ಮೂಲಕ ಹೊಸ ಚೀಟಿಯಾಗಿ ಸಾಲಿನ ಕೊನೆಗೆ ಹಾಕಿ. ನಡುವೆ ಬೆರಳಿನ ಒತ್ತಿಗೂ ಪರದೆಗೂ ಅವಕಾಶ ಸಿಗುತ್ತದೆ. ಒಂದೊಂದೇ ಸಾಲಿಗೆ ಹೀಗೆ ಮಾಡಬೇಡಿ: ಒಂದರೊಳಗೊಂದು ಕರೆಯುತ್ತಾ ಹೋದಾಗ ಕೆಲವು ಸುತ್ತಿನ ನಂತರ ಬ್ರೌಸರ್ ಕನಿಷ್ಠ 4 ಮಿಲಿಸೆಕೆಂಡಿನ ಅಂತರ ಹಾಕುತ್ತದೆ, ಲಕ್ಷ ಸಾಲಿಗೆ ಆರು ನಿಮಿಷ ದಾಟುತ್ತದೆ. ಇನ್ನೂ ಭಾರವಾದ ಕೆಲಸವನ್ನು ವೆಬ್ ವರ್ಕರ್‌ಗೆ ಒಪ್ಪಿಸಬಹುದು. ಅದಕ್ಕೆ ತನ್ನದೇ ಥ್ರೆಡ್ ಇದೆ, ಆದರೆ ಪೇಜನ್ನು ಮುಟ್ಟುವ ಅಧಿಕಾರವಿಲ್ಲ.

ಈ ಏಕಾಂಗಿ ವ್ಯವಸ್ಥೆಗೆ ಇತಿಹಾಸವಿದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತು ದಿನದಲ್ಲಿ ಕಟ್ಟಿದರು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಡಿಸೆಂಬರ್ ಹೊತ್ತಿಗೆ ಜಾವಾಸ್ಕ್ರಿಪ್ಟ್. ಆಗ ಹೆಸರು ಮಾಡುತ್ತಿದ್ದ ಜಾವಾದ ಪ್ರಭಾವಳಿಗೆ ಹೆಸರನ್ನು ಜೋಡಿಸಿದ್ದೇ ಹೊರತು ಎರಡೂ ಒಂದೇ ಭಾಷೆಯಲ್ಲ; ಜಾವಾ ಬಂದರೆ ಇದೂ ಬಂದಂತೆ ಎನ್ನುವ ಮಾತನ್ನು ನಂಬಬೇಡಿ. ಪೇಜಿನ ಅಲ್ಪಸ್ವಲ್ಪ ಕೆಲಸಕ್ಕೆ ಒಬ್ಬ ಗುಮಾಸ್ತ ಸಾಕಿತ್ತು, ಇಬ್ಬರು ಏಕಕಾಲಕ್ಕೆ ಒಂದೇ ಪುಟವನ್ನು ತಿದ್ದುವ ರಗಳೆಯೂ ಇರಲಿಲ್ಲ. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ, ಪೇಜನ್ನು ಮತ್ತೆ ತೆರೆಯದೆ ಹಿನ್ನೆಲೆಯಲ್ಲಿ ಮಾಹಿತಿ ತರಿಸುವ ಸೌಲಭ್ಯ ಕೊಟ್ಟಿತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಅದರ ತಾಕತ್ತನ್ನು ಜಗತ್ತಿಗೆ ತೋರಿಸಿದವು. ಪ್ರಾಮಿಸ್ ಭಾಷೆಗೆ ಸೇರಿದ್ದು 2015ರಲ್ಲಿ, ಅಸಿಂಕ್ ಮತ್ತು ಅವೇಟ್ (ಉತ್ತರಕ್ಕೆ ಕಾಯಿಸುವ ಪದ) 2017ರಲ್ಲಿ.

ಇವತ್ತಿನ ದರವನ್ನು ಸರ್ವರ್‌ನಿಂದ ತರಿಸಲು ಈಗ ಬಳಸುವುದು ಫೆಚ್. ಕರೆದ ಕೂಡಲೇ ಅದು ದರ ಕೊಡುವುದಿಲ್ಲ, ಪ್ರಾಮಿಸ್ ಕೊಡುತ್ತದೆ. ಅವೇಟ್ ಹಾಕದೆ ಮುಂದಿನ ಸಾಲಿನಲ್ಲೇ ಗುಣಿಸಿದರೆ ನ್ಯಾನ್. ಅವೇಟ್ ಹಾಕಿದಾಗ ಆ ಫಂಕ್ಷನ್ ಮಾತ್ರ ಅಲ್ಲಿ ತಡೆದು ನಿಲ್ಲುತ್ತದೆ, ಗುಮಾಸ್ತ ಬೇರೆ ಚೀಟಿಗಳನ್ನು ನೋಡುತ್ತಿರುತ್ತಾನೆ. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಪಕ್ಕದ ಫೈಲಿನಿಂದಲೇ ದರ ತರಿಸಲು ಹೋದರೆ ಬ್ರೌಸರ್ ಭದ್ರತೆಯ ಕಾರಣಕ್ಕೆ ತಡೆಯುತ್ತದೆ. ಪೈಥಾನ್ ಎಂಬ ಇನ್ನೊಂದು ಭಾಷೆ ಕಂಪ್ಯೂಟರಿನಲ್ಲಿ ಇದ್ದರೆ ಅದರ ಎಚ್‌ಟಿಟಿಪಿ ಸರ್ವರ್ ಓಡಿಸಿ, ಲೋಕಲ್‌ಹೋಸ್ಟ್‌ನ (ನಿಮ್ಮದೇ ಕಂಪ್ಯೂಟರಿನ ವಿಳಾಸ) 8000ನೇ ಪೋರ್ಟ್‌ನಲ್ಲಿ ತೆರೆಯಿರಿ.

ವಿಳಾಸ ತಪ್ಪಿ ಸರ್ವರ್ 404 (ಪುಟ ಸಿಗಲಿಲ್ಲ) ಎಂದರೂ ಫೆಚ್ ಅದನ್ನು ಸೋಲೆಂದು ಎಣಿಸುವುದಿಲ್ಲ. ಉತ್ತರದ ಓಕೆ ಎಂಬ ಗುಣವನ್ನು ನೀವೇ ನೋಡಬೇಕು. ನೋಡದೆ ಜೇಸನ್ (ಮಾಹಿತಿ ಕಳಿಸುವ ಒಂದು ಪಠ್ಯರೂಪ) ಎಂದು ಬಿಡಿಸಲು ಹೋದರೆ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಬರುತ್ತದೆ, ಏಕೆಂದರೆ ಬಂದಿರುವುದು ಹೆಚ್ಚಾಗಿ ದೋಷದ ಎಚ್‌ಟಿಎಂಎಲ್ ಪುಟ. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂಬ ಗಡುವೂ ಫೆಚ್‌ಗೆ ತಾನಾಗಿ ಇರುವುದಿಲ್ಲ. ಸಿಗ್ನಲ್ ಬಂದು ಹೋಗುವ ಊರುಗಳಲ್ಲಿ ಬಳಸುವ ಪೇಜಾದರೆ ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್‌ಗೆ 8000 ಕೊಡಿ, ಎಂಟು ಸೆಕೆಂಡಿಗೆ ವಿನಂತಿ ರದ್ದಾಗುತ್ತದೆ. ಆಗ ದೋಷ ಹಿಡಿಯುವ ಕ್ಯಾಚ್ ಭಾಗದಲ್ಲಿ, ಬ್ರೌಸರ್‌ನೊಳಗಿನ ಸಂಗ್ರಹವಾದ ಲೋಕಲ್ ಸ್ಟೋರೇಜ್‌ನಲ್ಲಿ ಹಿಂದೆ ಉಳಿಸಿಟ್ಟ ದರವನ್ನು ತೋರಿಸಿ, ಪಕ್ಕದಲ್ಲೇ ಅದು ಯಾವ ತಾರೀಕಿನದು ಎಂದೂ ಬರೆಯಿರಿ. ಲೋಕಲ್ ಸ್ಟೋರೇಜ್ ಕೂಡ ಕೊಡುವುದು ಪಠ್ಯವನ್ನೇ. ಲೆಕ್ಕಕ್ಕೆ ಹಾಕುವ ಮೊದಲು ನಂಬರ್ ಮಾಡಿಕೊಳ್ಳಿ.