ಮಗು ನೋಡಿಕೊಳ್ಳೋಕೆ ಮಾತಿನವರು ಬೇಕಾ, ಸುಮ್ಮನಿರುವವರು ಬೇಕಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ಮನೆ ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ. 14 ತಿಂಗಳ ಮಗಳಿದ್ದಾಳೆ. ಅವಳನ್ನು ಮನೆಯಲ್ಲೇ ನೋಡಿಕೊಳ್ಳಲು ಯಾರಾದರೂ ಬೇಕು ಅಂತ ಹೇಳಿಟ್ಟಿದ್ದೆವು. ಇಬ್ಬರು ಬಂದು ಹೋದರು. ಒಬ್ಬರು ಬಂದ ಕೂಡಲೇ ಮಗುವನ್ನು ಎತ್ತಿಕೊಂಡು ಹಾಡು, ಚಪ್ಪಾಳೆ, ಮಾತೇ ಮಾತು. ಇನ್ನೊಬ್ಬರು ಬಾಗಿಲ ಹತ್ತಿರ ಕೂತು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಮನೆಯವರೆಲ್ಲ ಮೊದಲನೆಯವರೇ ಇರಲಿ ಅಂತಾರೆ. ಮೊಬೈಲಿನಲ್ಲಿ ಸಿಗುವ ಪರ್ಸನಾಲಿಟಿ ಟೆಸ್ಟ್ ಇಬ್ಬರಿಗೂ ಮಾಡಿಸೋಣ ಅಂತ ನಮ್ಮ ಯಜಮಾನರು. ಈ ಕೆಲಸಕ್ಕೆ ಯಾವ ಸ್ವಭಾವದವರು ಸರಿ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಧಾರವಾಡದ ನಮ್ಮ ಮನೆಯ ಕೆಳಗಿನ ಎರಡು ಖೋಲಿಯಲ್ಲಿ ಹನ್ನೊಂದು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಜೊತೆಗೆ ಕೆಲಸ ಮಾಡಿದ ಹೆಣ್ಣುಮಕ್ಕಳು ಹತ್ತಾರು. ಮಕ್ಕಳು ಎಲ್ಲರನ್ನೂ ಮಾವಶಿ (ಚಿಕ್ಕಮ್ಮ) ಅಂತಲೇ ಕರೆಯುತ್ತವೆ. ಆದರೆ ಒಬ್ಬ ಮಾವಶಿಯ ಹಾಗೆ ಇನ್ನೊಬ್ಬ ಮಾವಶಿ ಇರುವುದಿಲ್ಲ.

ಮೊದಲು ಟೆಸ್ಟಿನ ವಿಷಯ ಮುಗಿಸಿಬಿಡೋಣ. ಬೇಡ.

ನಾಲ್ಕು ಅಕ್ಷರದಲ್ಲಿ ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುವ ಎಂಬಿಟಿಐ ಇದೆಯಲ್ಲ, ಅದರ ಕಥೆ ಮಜಾ ಇದೆ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಎಂಬ ತಾಯಿ ಮಗಳು ಇಸಾಬೆಲ್‌ಗೆ ಮನೆಯಲ್ಲೇ ಪಾಠ ಹೇಳಿ ಬೆಳೆಸಿದವರು. 1917ರ ಸುಮಾರಿಗೆ ಮಗಳು ಮದುವೆಯಾಗುವ ಹುಡುಗನನ್ನು ಮನೆಗೆ ಕರೆತಂದಳು. ಈ ಹುಡುಗ ನಮ್ಮ ಮನೆಯವರ ಹಾಗೆ ಇಲ್ಲವಲ್ಲ, ಯಾಕೆ ಅಂತ ತಾಯಿಯ ತಲೆಗೆ ಹುಳ ಬಿತ್ತು. ಭಾವಿ ಅಳಿಯನನ್ನು ಅರ್ಥ ಮಾಡಿಕೊಳ್ಳಲು ಹೊರಟ ಅತ್ತೆ! ಆಮೇಲೆ ಮನುಷ್ಯರ ಸ್ವಭಾವದ ಬಗೆಗಳ ಕುರಿತು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕ ಸಿಕ್ಕಿತು. ಎರಡನೇ ಮಹಾಯುದ್ಧದ ಹೊತ್ತಿಗೆ, ಮೊದಲ ಸಲ ಕಾರ್ಖಾನೆ ಕೆಲಸಕ್ಕೆ ಹೊರಟ ಹೆಂಗಸರಿಗೆ ತಮಗೆ ಯಾವ ಕೆಲಸ ಒಗ್ಗುತ್ತದೆ ಅಂತ ಗೊತ್ತಾಗಲಿ ಎಂದು ಇಸಾಬೆಲ್ ಪ್ರಶ್ನೆಪಟ್ಟಿ ತಯಾರಿಸಿದರು. ತಾಯಿ-ಮಗಳು ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಇದನ್ನು ನೌಕರಿಗೆ ಆಯ್ಕೆ ಮಾಡಲು ಬಳಸಬೇಡಿ ಅಂತ ಇವತ್ತು ಆ ಟೆಸ್ಟಿನವರೇ ಹೇಳುತ್ತಾರೆ. ಅದನ್ನು ನೋಡಿ ಮಾಡಿದ ಮೊಬೈಲ್ ಟೆಸ್ಟುಗಳ ಮಾತು ಬಿಡಿ. ಇವತ್ತು ಮಾಡಿಸಿದರೆ ಒಂದು ಅಕ್ಷರ, ಮುಂದಿನ ತಿಂಗಳು ಮಾಡಿಸಿದರೆ ಇನ್ನೊಂದು.

ಮನಶ್ಶಾಸ್ತ್ರದವರು ಹೆಚ್ಚಾಗಿ ನಂಬುವುದು ಐದು ಗುಣಗಳ ಅಳತೆಯನ್ನು. ಹೊಸದರ ಕಡೆ ಒಲವು, ಅಚ್ಚುಕಟ್ಟುತನ, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಆತಂಕವಾಗುವುದು. ಇಲ್ಲಿ ಮನುಷ್ಯರನ್ನು ಡಬ್ಬಿಗೆ ಹಾಕುವುದಿಲ್ಲ. ಎತ್ತರ ಅಳೆದ ಹಾಗೆ, ಒಬ್ಬೊಬ್ಬರಲ್ಲಿ ಒಂದೊಂದು ಜಾಸ್ತಿ, ಒಂದೊಂದು ಕಡಿಮೆ. ಇದು ಡಬ್ಬಿಗಿಂತ ವಾಸಿ, ಆದರೂ ನಿಮ್ಮ ತೊಟ್ಟಿಲ ಪಕ್ಕ ಯಾರನ್ನು ಕೂರಿಸಬೇಕು ಅಂತ ಇದೂ ಹೇಳುವುದಿಲ್ಲ.

ಈಗ ನಿಮ್ಮ ಇಬ್ಬರ ವಿಷಯ. ನನ್ನ ಹತ್ತಿರ ಒಮ್ಮೆ ಇಂಥದೇ ಜೋಡಿ ಇತ್ತು. ಒಬ್ಬಾಕೆ ಗೇಟಿಗೆ ಬರುವಾಗಲೇ ಗೊತ್ತಾಗುತ್ತಿತ್ತು. ಮಕ್ಕಳು ಓಡಿ ಬರುತ್ತಿದ್ದವು, ಅಪ್ಪ-ಅಮ್ಮಂದಿರಿಗೂ ಆಕೆ ಅಂದರೆ ಪ್ರೀತಿ. ಇನ್ನೊಬ್ಬಾಕೆ ನವಲಗುಂದದ ಕಡೆಯವಳು. ಬಂದಳಾ ಹೋದಳಾ ಗೊತ್ತಾಗುತ್ತಿರಲಿಲ್ಲ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ತಾಯಂದಿರು ಬಂದಾಗ ಮೊದಲನೆಯವಳ ಉತ್ತರ ಯಾವಾಗಲೂ ಒಂದೇ: "ಎಲ್ಲಾ ಆರಾಮ ರೀ, ಭಾಳ ಛಲೋ ಇದ್ಲು!" ಸುಮ್ಮನಿರುವಾಕೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಒಂದು ಕೂಸಿನ ಬಗ್ಗೆ ಹೇಳಿದಳು: "ಬಾಯಾರ, ಆಕಿ ಮುಂಜಾನಿಂದ ಎಡಗಿವಿ ಮುಟ್ಕೊಳ್ಳಾಕತ್ತಾಳ. ಹಾಲು ಕುಡಿಯೋ ಮುಂದ ಎರಡು ಸಲ ಮುಖ ತಿರುವಿದ್ಲು. ಬಲಮಗ್ಗಲಾಗಿ ಮಲಗಿದ್ರ ಅಷ್ಟ ನಿದ್ದಿ ಮಾಡ್ತಾಳ." ಮೈ ಬಿಸಿ ಇರಲಿಲ್ಲ. ಡಾಕ್ಟರ್ ಹತ್ತಿರ ತೋರಿಸಿದರೆ ಕಿವಿಯೊಳಗೆ ಸೋಂಕು.

ಅವತ್ತಿಂದ ನನ್ನ ಲೆಕ್ಕವೇ ಬೇರೆಯಾಯಿತು. ನಮ್ಮ ಜೊತೆ ಎಷ್ಟು ಮಾತಾಡುತ್ತಾರೆ ಅಂತ ನೋಡುವುದನ್ನು ಬಿಟ್ಟೆ. ಮಗುವಿನ ಬಗ್ಗೆ ಏನು ಹೇಳುತ್ತಾರೆ ಅಂತ ಕೇಳತೊಡಗಿದೆ.

ಇದು ನನ್ನೊಬ್ಬಳ ಅನುಭವ ಅಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 1954-55ರಲ್ಲಿ ಆಫ್ರಿಕಾದ ಉಗಾಂಡದಲ್ಲಿ ಹಳ್ಳಿಗಳಿಗೆ ಹೋಗಿ, 26 ಮನೆಗಳಲ್ಲಿ ತಾಯಂದಿರನ್ನೂ ಕೂಸುಗಳನ್ನೂ ತಿಂಗಳುಗಟ್ಟಲೆ ನೋಡಿದರು. ಯಾವ ತಾಯಿ ತನ್ನ ಕೂಸಿನ ಬಗ್ಗೆ ಕೇಳದೆಯೇ ಸಣ್ಣ ಸಣ್ಣ ಸಂಗತಿ ಹೇಳುತ್ತಿದ್ದಳೋ, ಆ ಕೂಸು ತಾಯಿಯ ಹತ್ತಿರ ಹೆಚ್ಚು ನೆಮ್ಮದಿಯಿಂದ ಇರುತ್ತಿತ್ತು. ಮುಂದೆ ಅಮೆರಿಕದ ಬಾಲ್ಟಿಮೋರಿನಲ್ಲೂ ಅವರು ಇದೇ ಕೆಲಸ ಮುಂದುವರಿಸಿದರು. ಅವರು ಮುಖ್ಯ ಅಂತ ಹೇಳಿದ್ದು ಇಷ್ಟು: ಮಗು ಕೊಡುವ ಸೂಚನೆ ಕಣ್ಣಿಗೆ ಬೀಳಬೇಕು, ಅದರ ಅರ್ಥ ಸರಿಯಾಗಿ ಆಗಬೇಕು, ತಡ ಮಾಡದೆ ತಕ್ಕ ಹಾಗೆ ಸ್ಪಂದಿಸಬೇಕು. ಅಳುವುದಕ್ಕೆಲ್ಲ ಹಾಲೇ ಮದ್ದು ಅನ್ನುವವರು ಎರಡನೆಯದರಲ್ಲೇ ನಪಾಸು. ಇದರಲ್ಲಿ ಮಾತಿನವರು ಅಥವಾ ಸುಮ್ಮನಿರುವವರು ಅಂತ ಎಲ್ಲಿ ಬಂತು?

ಹಾಗಂತ ಮಾತಿನವರನ್ನು ದೂರ ಇಡಿ ಅಂತ ನಾನು ಹೇಳುತ್ತಿಲ್ಲ. ಮಗು ಮಾತು ಕಲಿಯುವುದೇ ಮಾತು ಕೇಳಿ. 14 ತಿಂಗಳು ಅಂದರೆ ಅದಕ್ಕೇ ಬಾಯಿ ತೆರೆದು ಕೂತಿರುವ ಕಾಲ. ದಿನಕ್ಕೆ ಎಂಟು ತಾಸು ಪೂರ್ತಿ ಮೌನದಲ್ಲಿ ಕಳೆದರೆ ನಷ್ಟವೇ. ನೋಡಬೇಕಾದದ್ದು, ಆಕೆ ಮಗುವಿನ ಜೊತೆ ಮಾತಾಡುತ್ತಾಳಾ, ಇಲ್ಲ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮಿಕ್ಕವರ ಜೊತೆ ಮಾತಾಡುತ್ತಾಳಾ ಅನ್ನುವುದು. ನಮ್ಮ ನವಲಗುಂದದಾಕೆ ದೊಡ್ಡವರ ಎದುರು ತುಟಿ ಬಿಚ್ಚುತ್ತಿರಲಿಲ್ಲ. ಮಕ್ಕಳಷ್ಟೇ ಇದ್ದಾಗ ಬಾಗಿಲ ಹೊರಗೆ ನಿಂತು ಕೇಳಿದರೆ ಒಳಗೆ ಜಾತ್ರೆ. ಕಾಗೆ ಬಂತು, ಗುಬ್ಬಿ ಬಂತು, ರೊಟ್ಟಿ ತಟ್ಟೋಣ ಬಾ. ನಾನು ಒಳಗೆ ಕಾಲಿಟ್ಟರೆ ಗಪ್ಪು.

ನಿಮ್ಮ ಪ್ರಶ್ನೆಯಲ್ಲಿ ಮಗಳ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ, ಗಮನಿಸಿದ್ರಾ? ಅರ್ಧ ಉತ್ತರ ಅಲ್ಲಿದೆ. ನ್ಯೂಯಾರ್ಕಿನಲ್ಲಿ ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ ಎಂಬ ಗಂಡ-ಹೆಂಡತಿ, ಇಬ್ಬರೂ ಮನೋವೈದ್ಯರು, 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸುಗಳಿದ್ದಾಗಿನಿಂದ ದೊಡ್ಡವರಾಗುವವರೆಗೆ ನೋಡುತ್ತ ಬಂದರು. ಸುಮಾರು ಶೇ. 40ರಷ್ಟು ಮಕ್ಕಳು ಸಲೀಸು, ಯಾರು ಎತ್ತಿಕೊಂಡರೂ ಸರಿ. ಶೇ. 10ರಷ್ಟು ಹಠದವು, ನಿದ್ದೆಗೂ ಊಟಕ್ಕೂ ಹೊತ್ತಿಲ್ಲ. ಶೇ. 15ರಷ್ಟು ನಿಧಾನಕ್ಕೆ ಒಗ್ಗುವಂಥವು, ಹೊಸ ಮುಖ ಕಂಡರೆ ಸೆರಗಿನ ಹಿಂದೆ. ಮಿಕ್ಕ ಶೇ. 35 ಯಾವ ಗುಂಪಿಗೂ ಸೇರಲಿಲ್ಲ. ಸೇರಲಿಲ್ಲ ಅಂತ ಒಪ್ಪಿಕೊಂಡರಲ್ಲ, ಅದಕ್ಕೇ ಅವರ ಮೇಲೆ ನನಗೆ ನಂಬಿಕೆ. ಅವರ ಮುಖ್ಯ ಮಾತು ಇದು: ಮಗುವಿನ ಸ್ವಭಾವ ಒಳ್ಳೆಯದು, ಕೆಟ್ಟದ್ದು ಅಂತ ಇಲ್ಲ. ಆ ಸ್ವಭಾವಕ್ಕೂ ಅದನ್ನು ಬೆಳೆಸುವವರ ರೀತಿಗೂ ಹೊಂದಿಕೆ ಆಗುತ್ತದಾ ಅನ್ನುವುದೇ ಲೆಕ್ಕ.

ಮಗು ನಿಧಾನಕ್ಕೆ ಒಗ್ಗುವಂಥದಾದರೆ, ಬಂದ ಕೂಡಲೇ ಎತ್ತಿಕೊಂಡು ಚಪ್ಪಾಳೆ ತಟ್ಟುವವರು ಅದಕ್ಕೆ ಬಿರುಗಾಳಿ. ಬಾಗಿಲ ಹತ್ತಿರ ಸುಮ್ಮನೆ ಕೂತವರ ಕಡೆ ಹತ್ತು ನಿಮಿಷ ಬಿಟ್ಟು ತಾನೇ ಅಂಬೆಗಾಲಿಟ್ಟು ಹೋಗುತ್ತದೆ. ಮಗು ಸಲೀಸಾದರೆ ಇಬ್ಬರಲ್ಲಿ ಯಾರಾದರೂ ಆಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸಲೀಸಾದ ಮಗುವನ್ನು ಸುಮ್ಮನಿರುವವರ ಹತ್ತಿರ ಬಿಟ್ಟರೆ, ಮಗು ಅಳುವುದಿಲ್ಲ, ಆಕೆ ಮಾತಾಡುವುದಿಲ್ಲ. ಮನೆ ತಣ್ಣಗಿದೆ ಅಂತ ನಾವು ಖುಷಿಯಾಗಿರುತ್ತೇವೆ.

ಇನ್ನೂ ಕೆಲವು ಸ್ವಭಾವ ನೋಡಿದ್ದೇನೆ. ಗಡಿಯಾರದವರು: ಹನ್ನೆರಡಕ್ಕೆ ಊಟ ಅಂದರೆ ಹನ್ನೆರಡಕ್ಕೇ, ಮಗುವಿಗೆ ಹಸಿವಾಗಿರಲಿ ಬಿಡಲಿ. ಇವರ ಕೈಯಲ್ಲಿ ಮಕ್ಕಳು ನಿದ್ದೆ ಚೆನ್ನಾಗಿ ಮಾಡುತ್ತವೆ, ಆದರೆ ಊಟದ ಹೊತ್ತಿಗೆ ಕುಸ್ತಿ. ಅಂಜುಬುರುಕರು: ಬಿದ್ದೀತು ಅಂತ ನೆಲಕ್ಕೇ ಬಿಡುವುದಿಲ್ಲ. ಇವರು ಧೈರ್ಯ ಹೇಳಿದರೆ ಸುಧಾರಿಸುತ್ತಾರೆ.

ನನಗೆ ನಿಜಕ್ಕೂ ಭಯ ಇರುವುದು ಬೇರೆಯವರ ಬಗ್ಗೆ, ಎಲ್ಲದಕ್ಕೂ "ಹೂಂ ರೀ" ಅನ್ನುವವರ ಬಗ್ಗೆ. ಸಂದರ್ಶನದಲ್ಲಿ ಇವರಷ್ಟು ಇಷ್ಟವಾಗುವವರು ಇನ್ನೊಬ್ಬರಿಲ್ಲ. ತಾಯಿ ಸಕ್ಕರೆ ಕೊಡಬೇಡಿ ಅಂದರೆ ಹೂಂ ರೀ. ತಾಯಿ ಅತ್ತ ಹೋದ ಮೇಲೆ ಅಜ್ಜಿ ಒಂದು ಚೂರು ಪೇಢಾ ಕೊಡವ್ವಾ ಅಂದರೂ ಹೂಂ ರೀ. (ಧಾರವಾಡದಲ್ಲಿ ಕೂತು ಪೇಢಾದ ವಿರುದ್ಧ ಬರೆಯೋಕೆ ಧೈರ್ಯ ಬೇಕು, ಅಲ್ವಾ?) ಮಗು ಮೊಬೈಲ್ ಕೇಳಿದರೆ ಅದಕ್ಕೂ ಹೂಂ. ಪೇಢಾ ಹೋಗಲಿ ಬಿಡಿ. ಯಾರನ್ನೂ ಬೇಜಾರು ಮಾಡಬಾರದು ಅನ್ನುವ ಈ ಗುಣ, ಮಗು ಮಂಚದಿಂದ ಬಿದ್ದ ದಿನ ಬಾಯಿ ಮುಚ್ಚಿಕೊಳ್ಳುತ್ತದೆ. ನಿಮಗೆ ಗೊತ್ತಾಗುವುದು ರಾತ್ರಿ ಎಣ್ಣೆ ಹಚ್ಚುವಾಗ, ತಲೆಯಲ್ಲಿ ಬುಗುಟಿ ಕೈಗೆ ಸಿಕ್ಕಾಗ. ಆಕೆ ಕೆಟ್ಟವಳಲ್ಲ, ಅಂಜಿದ್ದಾಳೆ. ಆ ಅಂಜಿಕೆಯಲ್ಲಿ ನಮ್ಮ ಪಾಲೂ ಇರುತ್ತದೆ. ಮೊದಲ ಸಲ ಮಗು ಬಿದ್ದದ್ದನ್ನು ಹೇಳಿದಾಗ ನಾವು ಕೂಗಾಡಿದ್ದರೆ ಎರಡನೇ ಸಲ ಯಾರು ಹೇಳುತ್ತಾರೆ?

ಅದಕ್ಕೇ ಆಯ್ಕೆಯ ಹೊತ್ತಿನಲ್ಲಿ ನಾನು ಒಂದು ಸಣ್ಣ ಕಿತಾಪತಿ ಮಾಡುತ್ತೇನೆ. ಬೇಕಂತಲೇ ಒಂದು ತಪ್ಪು ಮಾತು ಹೇಳುತ್ತೇನೆ. "ಅಳಲಿ ಬಿಡ್ರಿ, ಎತ್ಕೋಬ್ಯಾಡ್ರಿ" ಅಂತ. "ಯಾಕ್ರೀ, ಹಸಿವಾಗೈತಿ ಅನಸ್ತೈತಿ" ಅಂದವರನ್ನು ಇಟ್ಟುಕೊಳ್ಳುತ್ತೇನೆ.

ಒಂದು ತಪ್ಪೊಪ್ಪಿಗೆಯೂ ಇದೆ. ಒಬ್ಬಾಕೆಯನ್ನು ನಾನು ಸಿಡುಕಿ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಕೆಲವು ದಿನ ನಗುನಗುತ್ತ ಬರುವಳು, ಕೆಲವು ದಿನ ತಡ, ಕಣ್ಣು ಕೆಂಪು, ಮಾತಾಡಿಸಿದರೆ ಮುಖ ಗಂಟು. ಮೂಡಿನವಳು, ಈ ಕೆಲಸಕ್ಕಲ್ಲ ಅಂತ ಬಿಡಿಸುವುದರಲ್ಲಿದ್ದೆ. ಕೊನೆಗೆ ಕೇಳಿದೆ. "ರಾತ್ರಿ ಎರಡಕ್ಕ ನೀರ ಬಿಟ್ಟಿದ್ರರೀ. ತುಂಬಿಸೂದ್ರಾಗ ನಾಲ್ಕಾತು." ನಮ್ಮ ಅವಳಿ ನಗರದ ನೀರಿನ ಕಥೆ ನಿಮಗೆ ಹೇಳಬೇಕಿಲ್ಲ. ಎಷ್ಟೋ ಓಣಿಗಳಲ್ಲಿ ನಲ್ಲಿಗೆ ನೀರು ಬರುವುದೇ ಕೆಲವು ದಿನಕ್ಕೊಮ್ಮೆ, ಅದೂ ಯಾವ ಹೊತ್ತಿನಲ್ಲೋ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದೆ. ಆಕೆಯ ಸಿಡುಕಿನ ದಿನಗಳೂ ಆ ಓಣಿಯ ನೀರಿನ ದಿನಗಳೂ ಒಂದೇ. ಸಂದರ್ಭದಿಂದ ಆದದ್ದನ್ನು ಸ್ವಭಾವದ ತಲೆಗೆ ಕಟ್ಟುವ ಈ ತಪ್ಪಿಗೆ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲೇ ಒಂದು ಹೆಸರಿಟ್ಟಿದ್ದಾರೆ. ನನಗೆ ಅರ್ಥವಾಗಲು ನಲ್ಲಿ ಬೇಕಾಯಿತು. ನೀರು ಬಿಟ್ಟ ಮರುದಿನ ಆಕೆ ಹತ್ತಕ್ಕೆ ಬರಲಿ ಅಂತ ಮಾಡಿದೆವು, ಸಿಡುಕು ಹೋಯಿತು.

ಸಂಬಳವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮಗು ನೋಡಿಕೊಳ್ಳಲು ಅಂತ ಕರೆದು ಪಾತ್ರೆ, ಬಟ್ಟೆ, ಸಂಜೆಯ ರೊಟ್ಟಿ ಅಂತ ಸೇರಿಸುತ್ತ ಹೋದರೆ ಎಂಥ ತಾಳ್ಮೆಯವರೂ ಸಂಜೆ ನಾಲ್ಕಕ್ಕೆ ಸುಸ್ತು. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದ ರಾಜ್ಯ. ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ "ಆಕಿ ನಮ್ಮ ಮನಿಯಾಕಿ ಇದ್ದಂಗ" ಅನ್ನುವ ಮಾತಿನಲ್ಲೇ ರಜೆಯೂ ಮುಳುಗುತ್ತದೆ, ಹೆಚ್ಚಿನ ದುಡ್ಡೂ ಮುಳುಗುತ್ತದೆ.

ಇನ್ನು ನೀವು ಮಾಡಬೇಕಾದದ್ದು. ಇಬ್ಬರನ್ನೂ ಬೇರೆ ಬೇರೆ ದಿನ ಮೂರು ತಾಸಿಗೆ ಕರೆಯಿರಿ, ಆ ಹೊತ್ತಿನ ದುಡ್ಡು ಕೊಡಿ. ಎರಡು ದಿನವಾದರೆ ಇನ್ನೂ ಒಳ್ಳೆಯದು. ನೀವು ಮನೆಯಲ್ಲೇ ಇರಿ, ಆದರೆ ಬೇರೆ ಖೋಲಿಯಲ್ಲಿ. ಊಟದ ಹೊತ್ತು ಅದರಲ್ಲಿ ಬರಲಿ, ಯಾಕೆಂದರೆ ಬಾಯಿ ಬಿಗಿಹಿಡಿದ ಮಗುವಿನ ಮುಂದೆ ಯಾರ ಸ್ವಭಾವವೂ ಮುಚ್ಚಿಡಲು ಬರುವುದಿಲ್ಲ. ಹೋಗುವಾಗ ಹೇಗಿದ್ದಳು ಅಂತ ಕೇಳಬೇಡಿ, ಆರಾಮ ಅಂತ ಉತ್ತರ ಬರುತ್ತದೆ. ಏನೇನು ಮಾಡಿದಳು ಅಂತ ಕೇಳಿ, ಕೇಳಿ ಸುಮ್ಮನಿರಿ. ಯಾವ ಆಟದ ಸಾಮಾನು ಬಿಸಾಡಿದಳು, ಅನ್ನ-ಸಾರು ಎಷ್ಟು ತುತ್ತಿಗೆ ಸಾಕು ಅಂದಳು, ಯಾವ ಸದ್ದಿಗೆ ಬೆಚ್ಚಿದಳು. ಇಂಥ ಮೂರು ಸಂಗತಿ ಯಾರ ಬಾಯಿಂದ ಬಂತೋ ಅವರನ್ನು ಇಟ್ಟುಕೊಳ್ಳಿ. ಅದು ಮಾತಿನವರೇ ಆಗಿದ್ದರೆ ನಿಮ್ಮ ಮನೆಯವರು ಗೆದ್ದರು ಅಂತ ತಿಳಿಯಿರಿ, ನನ್ನದೇನೂ ತಕರಾರಿಲ್ಲ.

ಕೆಲಸ ಶುರುವಾದ ಮೇಲೆ ಬೆಳಿಗ್ಗೆ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ತಪ್ಪೀತು ಅಂತ ಮಗಳ ಕಣ್ಣು ತಪ್ಪಿಸಿ ಓಡಬೇಡಿ. ಹೇಳಿ ಹೋಗಿ. ಅಳುತ್ತಾಳೆ, ಆ ಅಳು ಸಮಾಧಾನ ಮಾಡುತ್ತಲೇ ಅವರಿಬ್ಬರ ಗೆಳೆತನ ಶುರುವಾಗುವುದು. ಅದಕ್ಕೆ ಹದಿನೈದು ದಿನ ಸಮಯ ಕೊಡಿ. ಮತ್ತೆ ಅವರ ಓಣಿಗೆ ನೀರು ಯಾವ ದಿನ ಬಿಡುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.