ಕಡಿದ ಬಿದಿರು ಒಣಗುವ ತನಕ ಹಬ್ಬ

ಮಾರ್ಚ್ ತಿಂಗಳ ಮೊದಲ ಶುಕ್ರವಾರದ ಹೊತ್ತಿಗೆ ಮಿಜೋರಾಂನಲ್ಲಿ ಚಾಪ್ಚಾರ್ ಕುಟ್. ಗಂಡಸರು ಕೂತು ಬಿದಿರ ಗಳಗಳನ್ನು ತಾಳಕ್ಕೆ ಬಡಿಯುತ್ತಾರೆ, ಹೆಂಗಸರು ಅದರ ಸಂದಿಯಲ್ಲಿ ಕಾಲಿಟ್ಟು ಕುಣಿಯುತ್ತಾರೆ. ಅದೇ ಚೆರಾವ್ ಕುಣಿತ. ಅದರ ಫೋಟೋ ನೀವೂ ನೋಡಿರುತ್ತೀರಿ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಹಬ್ಬದ ಹೆಸರು. ಕುಟ್ ಅಂದರೆ ಹಬ್ಬ. ಚಾಪ್ಚಾರ್ ಅಂದರೆ ಕಡಿದು, ಸುಡುವ ಮುಂಚೆ ಒಣಗಲು ಬಿಟ್ಟಿರುವ ಬಿದಿರು, ಮರ.

ನಮ್ಮ ಮಲೆನಾಡಲ್ಲಿ ಹಿಂದೆ ಕುಮರಿ ಬೇಸಾಯ ಅಂತಿತ್ತಲ್ಲ, ಅದೇ ಥರದ್ದು ಅಲ್ಲಿಯ ಝೂಮ್: ಕಾಡು ಕಡಿದು, ಒಣಗಿಸಿ, ಸುಟ್ಟು, ಆ ಜಾಗದಲ್ಲಿ ಬೆಳೆ ತೆಗೆಯೋದು. ಜನವರಿ, ಫೆಬ್ರವರಿಯಲ್ಲಿ ಇಳಿಜಾರಿನ ಕಾಡು ಕಡಿಯುತ್ತಾರೆ. ಆಮೇಲೆ ಕೆಲವು ವಾರ ಬಿಸಿಲಿಗೆ ಬಿಡಬೇಕು, ಬೇರೆ ದಾರಿ ಇಲ್ಲ. ಬೇಟೆಗೆ ಹೋಗಿ ಬರಿಗೈಲಿ ಬಂದವರ ಬೇಸರ ಕಳೆಯಲು ಊರ ಮುಖಂಡ ಮಾಂಸ, ಅಕ್ಕಿ ಹೆಂಡದ ಔತಣ ಮಾಡಿಸಿದ, ಅಲ್ಲಿಂದ ಹಬ್ಬ ಶುರುವಾಯಿತು ಅಂತ ಸುವಾಯ್‌ಪುಯಿ ಊರಿನ ಕಥೆ ಹೇಳುತ್ತದೆ.

ಇಷ್ಟು ದಿನ ಕಾಯೋದು ಯಾಕೆ? ಹಸಿ ಸೌದೆ ಒಲೆಗೆ ಹಾಕಿದವರಿಗೆ ಗೊತ್ತು: ತುದಿಯಲ್ಲಿ ನೊರೆ, ಕಣ್ಣು ತುಂಬ ಹೊಗೆ, ಉರಿ ಮಾತ್ರ ಇಲ್ಲ. ಸೊನ್ನೆ ಡಿಗ್ರಿಯ ನೀರನ್ನು ಕುದಿಯುವ ತನಕ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗಿಂತ ಜಾಸ್ತಿ, ಅದೇ ನೀರನ್ನು ಆವಿ ಮಾಡಲು ಬೇಕು. ಹಸಿ ಮರದ ಬೆಂಕಿ ಆ ಕೆಲಸದಲ್ಲೇ ಸೋತುಹೋಗುತ್ತದೆ. ಒಣಗಿದ್ದಾದರೆ ಸರಸರ ಹತ್ತಿ ಉರಿಯುತ್ತದೆ, ಗೆಣ್ಣುಗಳ ನಡುವಿನ ಪೊಳ್ಳಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ ಬಿದಿರು ಪಟಾಕಿ ಥರ ಢಂ ಅಂತ ಸಿಡಿಯುತ್ತದೆ. ತೀರಾ ತಡ ಮಾಡಿದರೆ ಮಳೆ ಬಂದು ಎಲ್ಲ ನೆನೆದುಬಿಡುತ್ತದೆ. ಅಂದರೆ ಹಬ್ಬ ಬರೋದು ಕೊಡಲಿ ಕೆಳಗಿಟ್ಟ ಮೇಲೆ, ಬೆಂಕಿ ಹಚ್ಚುವ ಮುಂಚೆ.

ರೈತನಿಗೆ ಬೇಕಿರೋದು ಬೂದಿ. ಮಳೆಗೆ ತೊಳೆದು ಹುಳಿಯಾದ ಆ ಗುಡ್ಡದ ಮಣ್ಣಿನ ಹುಳಿಯನ್ನು ಬೂದಿಯಲ್ಲಿರುವ ಸುಣ್ಣದಂಶ ತಗ್ಗಿಸುತ್ತದೆ, ಜೊತೆಗೆ ಬೂದಿ ಪೊಟ್ಯಾಶ್ ಮತ್ತು ರಂಜಕ ಕೊಡುತ್ತದೆ. ಮೇಲ್ಮಣ್ಣಿನ ಕಳೆ ಬೀಜಗಳೂ ಎಷ್ಟೋ ಸುಡುತ್ತವೆ. ಸಾರಜನಕ ಮಾತ್ರ ಬಹುಪಾಲು ಹೊಗೆಯ ಜೊತೆ ಹೋಗಿಬಿಡುತ್ತದೆ, ಅದು ದೊಡ್ಡ ನಷ್ಟ.

ಒಂದೆರಡು ಬೆಳೆ ಆದ ಮೇಲೆ ಜಾಗ ಬೀಳು ಬಿಡುತ್ತಾರೆ. ಹಿಂದೆ 15, 20 ವರ್ಷ ಬಿಡುತ್ತಿದ್ದ ಕಡೆ ಈಗ ಎಷ್ಟೋ ಜಾಗದಲ್ಲಿ ಐದಾರು ವರ್ಷಕ್ಕೇ ಮತ್ತೆ ಕೊಡಲಿ. ಇದು ನಿಜಕ್ಕೂ ಚಿಂತೆಯ ವಿಷಯ. ಬಿದಿರಿಗೆ ಅಷ್ಟು ಸಮಯ ಸಾಕು, ಅದರ ಗೆಡ್ಡೆ ಮಣ್ಣೊಳಗೆ ಬೆಂಕಿಯಿಂದ ಪಾರಾಗಿ ಮಳೆ ಬಿದ್ದ ಕೂಡಲೇ ಕಳಲೆ ಎಬ್ಬಿಸುತ್ತದೆ. ಮರಕ್ಕೆ ಸಾಲದು. ಹಾಗಾಗಿ ಗುಡ್ಡದ ಮೇಲೆ ಗುಡ್ಡ ಬರೀ ಬಿದಿರೇ ಆಗುತ್ತಿದೆ.