ತರಗು ಬೆಂಕಿ ಮತ್ತು ನೆಲ್ಲಿಕಾಯಿಯ ಲೆಕ್ಕ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡು ಬಗೆಯ ಕಾಡುನೆಲ್ಲಿ ಬೆಳೆಯುತ್ತದೆ. ಕಾಯಿ ಬಲಿತ ಕಾಲಕ್ಕೆ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಕಾಡಿಗೆ ಹೋಗಿ ಕಿತ್ತು ತಂದು ಲ್ಯಾಂಪ್ಸ್ ಸೊಸೈಟಿಗೆ, ಅಂದರೆ ಬುಡಕಟ್ಟಿನವರ ಸಹಕಾರ ಸಂಘಕ್ಕೆ, ಹಾಕುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಈ ಬೆಟ್ಟಕ್ಕೆ ಬಂದಾಗ ಅವರ ಮನಸ್ಸಿನಲ್ಲಿದ್ದದ್ದು ಒಂದೇ ಅನುಮಾನ: ವರ್ಷ ವರ್ಷವೂ ಇಷ್ಟು ಕಾಯಿ ಮೂಟೆ ಕಟ್ಟಿದರೆ ಮೊಳೆಯಲು ಬೀಜ ಎಲ್ಲಿ ಉಳಿಯುತ್ತದೆ?

ಅನುಮಾನ ತಪ್ಪೇನೂ ಅಲ್ಲ. ಆದರೆ ಅದನ್ನು ಪರೀಕ್ಷಿಸಲು ಕಾಡಿನಲ್ಲಿ ಎಷ್ಟು ಕಾಯಿ ಬಿಟ್ಟಿದೆ, ಅದರಲ್ಲಿ ಎಷ್ಟು ಕಿತ್ತರು, ಎಷ್ಟು ಉಳಿಯಿತು ಎಂಬುದು ತಿಳಿಯಬೇಕು. ಸುಮಾರು 540 ಚದರ ಕಿಲೋಮೀಟರಿನ ಕಾಡಿನಲ್ಲಿ ನಾಲ್ಕಾರು ಸಂಶೋಧಕರು ಟೇಪು ಹಿಡಿದು ಓಡಾಡಿದರೆ ಮುಗಿಯುವ ಕೆಲಸ ಅದಲ್ಲ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಆಗ ಒಂದು ಸರಳ ಉಪಾಯ ಮಾಡಿದರು. ಕೀಳುವವರನ್ನೇ ಕೇಳಿದರು. ಕೊಯ್ಲಿಗೆ ಮುಂಚೆ ಸೋಲಿಗರು ತಮ್ಮ ತಮ್ಮ ಭಾಗದ ಫಸಲನ್ನು ಕಣ್ಣಳತೆಯಲ್ಲಿ ಹೇಳುವುದು, ಕೊಯ್ಲಾದ ಮೇಲೆ ತೂಕ ನೋಡುವುದು, ಮರದಲ್ಲಿ ಉಳಿದದ್ದನ್ನು ಅಂದಾಜು ಮಾಡುವುದು, ಎಲ್ಲರೂ ಕೂತು ಮಾತನಾಡುವುದು. ವಿಜ್ಞಾನಿಗಳು ತಮ್ಮ ಪದ್ಧತಿಯಲ್ಲಿ ಅದೇ ಲೆಕ್ಕ ಹಾಕಿ ಎರಡನ್ನೂ ಹೋಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಣ್ಣಳತೆ ತೀರಾ ದೂರವೇನೂ ಹೋಗಿರಲಿಲ್ಲ. ಮಾವಿನ ತೋಪನ್ನು ಒಂದು ಸುತ್ತು ನೋಡಿ ಗುತ್ತಿಗೆಯ ಬೆಲೆ ಹೇಳುವ ವ್ಯಾಪಾರಿಯನ್ನು ಕಂಡವರಿಗೆ ಇದರಲ್ಲಿ ಅಚ್ಚರಿ ಕಾಣದು. ವಿಜ್ಞಾನಕ್ಕೆ ಮಾತ್ರ ಅಚ್ಚರಿ ಇರಲಿ ಬಿಡಲಿ, ಅಳತೆ ಬೇಕು.

ಹತ್ತು ವರ್ಷ ಮರಗಳ ಬೆನ್ನು ಹತ್ತಿದ ಇನ್ನೊಂದು ಅಧ್ಯಯನ 2012ರಲ್ಲಿ ಬಂತು. ಎರಡೂ ಬಗೆಯ ನೆಲ್ಲಿ ಕಡಿಮೆಯಾಗುತ್ತಿರುವುದು ನಿಜ. ಆದರೆ ಅದರಲ್ಲಿ ಕಾಯಿ ಕೀಳುವವರ ಪಾಲು ಸಣ್ಣದು. ದೊಡ್ಡ ಹೊಡೆತ ಬಂದದ್ದು ಮೇಲಿನಿಂದ ಕೊಂಬೆಯ ಮೇಲೆ ಬೆಳೆಯುವ ಬದನಿಕೆ ಗಿಡದ್ದು, ಕೆಳಗಿನಿಂದ ಲಂಟಾನ ಎಂಬ ಕಳೆಯದು. ಬದನಿಕೆಯ ಹಣ್ಣು ತಿನ್ನುವ ಪುಟ್ಟ ಹಕ್ಕಿಗಳು ಅಂಟಂಟಾದ ಬೀಜವನ್ನು ನೆಲ್ಲಿಯ ಕೊಂಬೆಗೆ ಒರೆಸಿ ಹೋಗುತ್ತವೆ. ಮೊಳೆತ ಬೀಜ ತೊಗಟೆಯೊಳಗೆ ಬೇರಿಳಿಸಿ ಮರದ ನೀರು, ಲವಣ ಹೀರುತ್ತದೆ. ಎಲೆ ಮಾತ್ರ ಸ್ವಂತದ್ದು, ಆದ್ದರಿಂದ ಅರೆ ಪರಾವಲಂಬಿ. ಕೆಳಗೆ ಲಂಟಾನದ ಪೊದೆ ದಟ್ಟವಾಗಿ ಕವಿದು, ಹುಟ್ಟಿದ ನೆಲ್ಲಿ ಸಸಿಗೆ ಬಿಸಿಲೇ ತಾಗದಂತೆ ಮಾಡುತ್ತದೆ.

ಈ ಉತ್ತರ ಅಚ್ಚಾಗುವ ವೇಳೆಗೆ ಆರೋಪಿಗೆ ಶಿಕ್ಷೆಯಾಗಿ ಆರು ವರ್ಷ ಕಳೆದಿತ್ತು. 2006ರಲ್ಲಿ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಹೆಸರಿನಲ್ಲಿ ಇಲ್ಲಿ ಮಾರಾಟಕ್ಕಾಗಿ ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನ ತೆಗೆಯುವುದನ್ನು ನಿಲ್ಲಿಸಲಾಗಿತ್ತು. ಕಾಯಿಗಾಗಿ ನೆಲ್ಲಿ ಮರ ಹತ್ತಿದವನೇ ಬದನಿಕೆ ಹಿಡಿದ ಕೊಂಬೆಯನ್ನು ಕಡಿದು ಹಾಕಬಲ್ಲವನು. ಅವನನ್ನೇ ಕೆಳಗಿಳಿಸಿದರೆ ಮರಕ್ಕೆ ಯಾವ ಉಪಕಾರವಾಯಿತೋ ನಾನು ಕಾಣೆ.

ಲಂಟಾನದ ಕಥೆಯಲ್ಲಿ ಹೆಚ್ಚು ಸಿಕ್ಕುಗಳಿವೆ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಚೆಂದದ ಹೂವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಿಳಿಗಿರಿ ಬೆಟ್ಟದಲ್ಲಿ 134 ಜಾಗಗಳನ್ನು ಗುರುತು ಮಾಡಿ 1997ರಲ್ಲಿ ನೋಡಿದಾಗ ಶೇಕಡಾ 41ರಷ್ಟು ಕಡೆ ಲಂಟಾನ ಇತ್ತು. 2008ರಲ್ಲಿ ಅದೇ ಜಾಗಗಳಿಗೆ ಮತ್ತೆ ಹೋದಾಗ ಶೇಕಡಾ 81ರಷ್ಟು ಕಡೆ ಇತ್ತು. ಹನ್ನೊಂದು ವರ್ಷದಲ್ಲಿ ಹರಡಿದ್ದು ಇಮ್ಮಡಿ. ಏಕೆ?

ಸಂಶೋಧಕರ ಬಳಿ ಒಂದು ಊಹೆ ಇತ್ತು. 2005ರಲ್ಲಿ ಅವರು ಅದನ್ನು ಬರೆದೂ ಇದ್ದರು. ಬೆಂಕಿ ಬಿದ್ದು ಕಾಡು ಬಯಲಾದಲ್ಲಿ ಲಂಟಾನ ನುಗ್ಗುತ್ತದೆ, ಒಣಗಿದ ಲಂಟಾನ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ, ಬೆಂಕಿ ಲಂಟಾನವನ್ನೂ ಲಂಟಾನ ಬೆಂಕಿಯನ್ನೂ ಸಾಕುತ್ತವೆ. ಅಚ್ಚುಕಟ್ಟಾದ ವಾದ. ಸೋಲಿಗರ ಹಾಡಿಗಳಾದ ಪೋಡುಗಳಲ್ಲಿ ಹಿರಿಯರನ್ನು ಕೇಳಿದರೆ ಸಿಕ್ಕ ಉತ್ತರ ಇದಕ್ಕೆ ತಿರುಗುಮುರುಗಾಗಿತ್ತು: ಬೆಂಕಿ ಹಾಕುವುದನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಬಂತು.

ಅವರು ಹೇಳುತ್ತಿದ್ದದ್ದು ತರಗು ಬೆಂಕಿಯ ವಿಚಾರ. ಬೇಸಿಗೆ ಬಲಿಯುವ ಮುನ್ನ, ಜನವರಿ ಫೆಬ್ರವರಿಯ ಹೊತ್ತಿಗೆ, ನೆಲದಲ್ಲಿ ಬಿದ್ದ ತರಗೆಲೆಗೆ ಅಲ್ಲಲ್ಲಿ ಕಿಚ್ಚು ಇಡುತ್ತಿದ್ದರು. ನೆಲದಲ್ಲಿ ಇನ್ನೂ ತೇವ, ಹುಲ್ಲಿನಲ್ಲಿ ಅರೆ ಹಸಿರು. ಹಾಗಾಗಿ ಬೆಂಕಿ ಎತ್ತರಕ್ಕೆ ಏಳದೆ ನೆಲವನ್ನು ನೆಕ್ಕಿಕೊಂಡು ಹೋಗುತ್ತಿತ್ತು. ಲಂಟಾನದ ಎಳೆ ಸಸಿ, ನೆಲದ ಮೇಲಿನ ಬೀಜ ಅದರಲ್ಲೇ ಸುಡುತ್ತಿದ್ದವು, ಕಾವು ತಗುಲಿ ಬದನಿಕೆಯೂ ಸಾಯುತ್ತಿತ್ತು ಎಂಬುದು ಸೋಲಿಗರ ಮಾತು. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಬೇಟೆ, ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯಗಳ ಜೊತೆ ಈ ಬೆಂಕಿಯೂ ಅಪರಾಧವಾಯಿತು.

ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದೇ ಪೂರ್ತಿ ಸರಿಯಲ್ಲ ಎನಿಸುತ್ತದೆ, ಏಕೆಂದರೆ ‘ಬೆಂಕಿ’ ಎಂಬ ಒಂದೇ ಪದದಲ್ಲಿ ಇಬ್ಬರೂ ಬೇರೆ ಬೇರೆ ವಸ್ತುವನ್ನು ಹೇಳುತ್ತಿದ್ದರು. ಮಾರ್ಚ್ ಏಪ್ರಿಲ್‌ನಲ್ಲಿ ಆಳೆತ್ತರದ ಒಣ ಪೊದೆಗೆ ಹತ್ತಿ ಮರದ ನೆತ್ತಿಗೆ ಏರುವ ಜ್ವಾಲೆ ಒಂದು, ಪುಷ್ಯ ಮಾಘದಲ್ಲಿ ಪಾದದೆತ್ತರಕ್ಕೆ ಹರಿಯುವ ತರಗು ಬೆಂಕಿ ಇನ್ನೊಂದು. ಉಪಗ್ರಹದ ಚಿತ್ರಕ್ಕೂ ಅರಣ್ಯ ಇಲಾಖೆಯ ವರದಿಗೂ ಎರಡೂ ‘ಕಾಡ್ಗಿಚ್ಚು’. ಈ ಭೇದ ಸಂಶೋಧಕರ ಕಣ್ಣಿಗೆ ಬೀಳಬೇಕಾದರೆ ಕೇಳುವ ವ್ಯವಧಾನ ಬೇಕಿತ್ತು. ಅವರು ಕೇಳಿದರು, ಸೋಲಿಗರ ವಿವರಣೆಯನ್ನು ಪ್ರಬಂಧವಾಗಿ ಪ್ರಕಟಿಸಿದರು. ಸೋಲಿಗರೇ ಆದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು ಸಂಶೋಧಕರ ಸಾಲಿನಲ್ಲಿ ಕೂತಿರುವುದರಿಂದ ಇಂದು ಕೇಳುವವರು ಯಾರು, ಹೇಳುವವರು ಯಾರು ಎಂಬ ಗೆರೆಯೂ ಮೊದಲಿನಷ್ಟು ಗಟ್ಟಿಯಾಗಿಲ್ಲ.

ಹಾಗಾದರೆ ನಾಳೆಯೇ ತರಗು ಬೆಂಕಿ ಹಾಕಬಹುದೇ? ಇಲ್ಲ. ಅಂದಿನ ಕಾಡು ಇಂದು ಇಲ್ಲ. ಲಂಟಾನ ಬೆಳೆದು ನಿಂತಲ್ಲಿ ನೆಲದ ಕಿಚ್ಚು ಪೊದೆಯನ್ನು ಏಣಿ ಮಾಡಿಕೊಂಡು ಮೇಲೇರುತ್ತದೆ. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ಯಾರೂ ಮರೆತಿಲ್ಲ. ಮೊದಲು ಪೊದೆ ಕಡಿಯಬೇಕು, ಸಣ್ಣ ತುಂಡು ಜಾಗದಲ್ಲಿ ಸುಟ್ಟು ನೋಡಬೇಕು, ಪಕ್ಕದಲ್ಲಿ ಸುಡದ ತುಂಡನ್ನು ಬಿಟ್ಟು ಹಲವು ವರ್ಷ ಹೋಲಿಸಬೇಕು. ಸುಡುವ ಹದ ಗೊತ್ತಿರುವವರು ಸೋಲಿಗರು, ಹೋಲಿಸುವ ಕ್ರಮ ಗೊತ್ತಿರುವವರು ಸಂಶೋಧಕರು. ಸಹಿ ಹಾಕಬೇಕಾದವರು ಅರಣ್ಯಾಧಿಕಾರಿ.

ಎಲ್ಲವೂ ನಿಲ್ಲುವುದು ಈ ಸಹಿಯ ಹತ್ತಿರ. ಅಧಿಕಾರಿಯನ್ನು ಬೈಯುವುದು ಸುಲಭ, ನನಗೆ ಅದರಲ್ಲಿ ಹುರುಪಿಲ್ಲ. ಪ್ರಯೋಗ ಕೈಕೊಟ್ಟರೆ ಸಂಶೋಧಕರಿಗೆ ಅದೂ ಒಂದು ಫಲಿತಾಂಶವೇ. ಕಿಚ್ಚು ಕೈಮೀರಿ ನೂರು ಎಕರೆ ಹೋದರೆ ವಲಯ ಅರಣ್ಯಾಧಿಕಾರಿಗೆ ಬರುವುದು ನೋಟಿಸು. ಎರಡು ಮೂರು ವರ್ಷಕ್ಕೆ ವರ್ಗಾವಣೆಯಾಗುವವರಿಂದ ಹತ್ತು ವರ್ಷದ ಪ್ರಯೋಗಕ್ಕೆ ಹೆಗಲು ಕೇಳುತ್ತಿದ್ದೇವೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ಅಕ್ಟೋಬರ್‌ನಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು, ದೇಶದ ಹುಲಿ ಪ್ರದೇಶಗಳಲ್ಲಿ ಅದೇ ಮೊದಲು. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಕಾಗದದ ಮೇಲೆ ಈಗ ಗ್ರಾಮಸಭೆಗೂ ಇದೆ.

ಫೆಬ್ರವರಿ ಬಂದರೆ ಇಲಾಖೆ ಕಿಚ್ಚು ದಾಟದಂತೆ ಬೆಂಕಿ ರೇಖೆಗಳನ್ನು ಸವರಿ, ದಿನಗೂಲಿಯ ಮೇಲೆ ಬೆಂಕಿ ಕಾವಲುಗಾರರನ್ನು ನೇಮಿಸಿಕೊಳ್ಳುತ್ತದೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಕಿಚ್ಚನ್ನು ಬಡಿದು ಆರಿಸುವ ಆ ಕೆಲಸಕ್ಕೆ ಪೋಡುಗಳ ಹುಡುಗರೂ ಹೋಗುತ್ತಾರೆ. ಅವರ ತಾತಂದಿರು ತರಗಿಗೆ ಕಿಚ್ಚು ಇಡುತ್ತಿದ್ದದ್ದು ಅದೇ ತಿಂಗಳಲ್ಲಿ.